ಬರ್ಗೆನ್ನಿಗೆ ಹೋಗುವವರು ಕೊಡೆಯನ್ನು ಮನೆಯಲ್ಲೇ ಬಿಡಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನಾರ್ವೆಯ ಕರಾವಳಿ ನಗರ ಬರ್ಗೆನ್ ಬಗ್ಗೆ ಬಂದ ಪ್ರವಾಸ ಬರಹ ಓದಿದೆವು. ಚಿತ್ರಗಳು ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಪೆಟ್ಟಿಗೆ ಕಟ್ಟಿ ಕೊಟ್ಟ ಸೂಚನೆಗಳಲ್ಲಿ ಮೂರು ತಪ್ಪುಗಳಿವೆ. 'ಸದಾ ಮಳೆಯ ಊರು, ಕೊಡೆ ಮರೆಯಬೇಡಿ' ಎಂಬುದು ಒಂದು. 'ಜೂನ್‌ನಲ್ಲಿ ಹೋದರೆ ನಡುರಾತ್ರಿಯ ಸೂರ್ಯ ಕಾಣುತ್ತಾನೆ' ಎಂಬುದು ಇನ್ನೊಂದು. 'ಟ್ರೋಲ್‌ಟುಂಗಾ ಬಂಡೆಗೆ ಬರ್ಗೆನ್ನಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು' ಎಂಬುದು ಮತ್ತೊಂದು. ಸೂರ್ಯನ ವಿಷಯದಲ್ಲಿ ಮೋಸಹೋದವರಿಗೆ ಆಗುವುದು ನಿರಾಸೆ ಅಷ್ಟೇ. ಉಳಿದ ಎರಡನ್ನು ನಂಬಿ ಹೊರಟವರು ಬೆಟ್ಟದ ಮೇಲೆ ಅಪಾಯಕ್ಕೆ ಸಿಗುತ್ತಾರೆ. ಅದಕ್ಕೇ ಈ ಪತ್ರ. ಉದ್ದವಾಗಿದೆ, ಕ್ಷಮಿಸಿ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಬಟ್ಟೆಯ ಭಾಗವೊಂದನ್ನು ಬಿಟ್ಟು.

ಬರ್ಗೆನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 2,200ರಿಂದ 2,500 ಮಿ.ಮೀ. ನಮ್ಮ ಮುಂಬಯಿಯ ಕೊಲಾಬಾ, ಸಾಂತಾಕ್ರೂಜ್ ಮಳೆ ಮಾಪಕಗಳ ವಾರ್ಷಿಕ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಮಳೆ ಬರುವ ಬಗೆಯೂ ನಮಗೆ ಗೊತ್ತಿರುವಂಥದ್ದು: ಪಡುವಣ ಕಡಲಿನಿಂದ ತೇವ ಹೊತ್ತು ಬಂದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಆಗುಂಬೆಯಲ್ಲೂ ಮಹಾಬಲೇಶ್ವರದಲ್ಲೂ ನಡೆಯುವುದು ಇದೇ. ಆದರೆ ಮುಂಬಯಿ ಈ ಸಾಲವನ್ನು ನಾಲ್ಕೇ ತಿಂಗಳಲ್ಲಿ ಒಂದೇ ಗಂಟಾಗಿ ತೀರಿಸುತ್ತದೆ. ಬರ್ಗೆನ್ ಹನ್ನೆರಡು ತಿಂಗಳ ಕಂತಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದ 944 ಮಿ.ಮೀ. ಬರ್ಗೆನ್ನಿಗೆ ನಾಲ್ಕೈದು ತಿಂಗಳ ಮಳೆ. ಬದಲಿಗೆ ಅಲ್ಲಿ ಬಿಡದೆ ಹಿಡಿಯುವ ಸೋನೆ: 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ 85 ದಿನ, ಒಂದು ದಿನವೂ ತಪ್ಪದೆ ಮಳೆ ಬಂದ ದಾಖಲೆ ಆ ಊರಿಗಿದೆ. ಇದ್ದುದರಲ್ಲಿ ಒಣ ತಿಂಗಳುಗಳೆಂದರೆ ಏಪ್ರಿಲ್, ಮೇ, ಜೂನ್. ನಮ್ಮ ಶಾಲಾ ರಜೆಗೆ ಇದು ಸರಿಹೊಂದುತ್ತದೆ ಎಂಬುದೇ ಸಮಾಧಾನ. ಸೆಪ್ಟೆಂಬರ್‌ನಿಂದ ಮಳೆ ಜೋರಾಗುತ್ತದೆ. ಗಣಪತಿ ಹಬ್ಬ ಮುಗಿಸಿ ಹೋಗೋಣ ಎನ್ನುವವರು ಇದನ್ನು ಗಮನಿಸಲಿ.

ಇಷ್ಟು ಓದಿದ ಮುಂಬಯಿ ಕನ್ನಡಿಗರು 'ಮಳೆ ನಮಗೇನು ಹೊಸದೇ' ಎಂದುಕೊಳ್ಳುತ್ತಾರೆ. ಎಡವುವುದು ಅಲ್ಲಿಯೇ. ನಮ್ಮ ಮಳೆ 25-26 ಡಿಗ್ರಿಯ ಮಳೆ. ಜುಲೈ ತಿಂಗಳ ಭಾನುವಾರ ಲೋಹಗಡ, ರಾಜಮಾಚಿಯಂಥ ಗುಡ್ಡದ ಕೋಟೆಗಳಿಗೆ ಹೋಗುವವರು ಬೇಕೆಂದೇ ನೆನೆಯುತ್ತಾರೆ: ಹತ್ತಿಯ ಟಿ-ಶರ್ಟು, ಜೀನ್ಸು, ಕಾಲಿಗೆ ಫ್ಲೋಟರ್ಸ್, ಇಳಿದ ಮೇಲೆ ಕಾಂದಾ ಭಜಿ, ಕಟಿಂಗ್ ಚಹಾ. ಲೋಕಲ್ ಹತ್ತುವಷ್ಟರಲ್ಲಿ ಅರ್ಧ ಒಣಗಿರುತ್ತಾರೆ. ಬರ್ಗೆನ್ನಿನ ಜುಲೈ ಸರಾಸರಿ ಸುಮಾರು 15 ಡಿಗ್ರಿ, ಅದೂ ಕೆಳಗೆ ಬಂದರಿನ ಮಟ್ಟದಲ್ಲಿ. ಪ್ರತಿ 100 ಮೀಟರ್ ಏರಿದಾಗ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಮಳೆಯ ದಿನ 643 ಮೀಟರ್ ಎತ್ತರದ ಉಲ್ರಿಕೆನ್ ಬೆಟ್ಟದ ನೆತ್ತಿಯಲ್ಲಿ ಬೇಸಿಗೆಯಲ್ಲೂ ಏಳೆಂಟು ಡಿಗ್ರಿ ಇರುವುದು ಮಾಮೂಲು. ಅಲ್ಲಿ ಲೋಹಗಡದ ವೇಷದಲ್ಲಿ ನೆನೆದು ನಿಂತವರ ಮೈ ಒಂದೆರಡು ಗಂಟೆಯಲ್ಲಿ ಸೋಲುತ್ತದೆ. ಎತ್ತರದಿಂದ ಬೀಳುವುದೇ ದೊಡ್ಡ ಅಪಾಯವೆಂದು ನಾವು ಭಾವಿಸುತ್ತೇವೆ. ಆ ಗುಡ್ಡಗಳಲ್ಲಿ ಜನ ಸಂಕಟಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒದ್ದೆ, ಗಾಳಿ, ಥಂಡಿ ಮೂರೂ ಒಟ್ಟಾದಾಗ.

ಹತ್ತಿ ನೀರು ಕುಡಿದರೆ ಅದರ ಎಳೆಗಳ ನಡುವಿನ ಗಾಳಿ ಹೋಗುತ್ತದೆ. ಬಟ್ಟೆ ಮೈಗೆ ಅಂಟಿ, ಬಿಸಿಯನ್ನು ಹೀರುವ ತಣ್ಣನೆಯ ಪಟ್ಟಿಯಾಗುತ್ತದೆ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗೂ ಇರುತ್ತದೆ. ಇದನ್ನು ನಾರ್ವೆಯವರಿಂದ ಕಲಿಯಬೇಕಿಲ್ಲ. ಮಲೆನಾಡಿನ ಗದ್ದೆಯಲ್ಲಿ ಕಂಬಳಿಕೊಪ್ಪೆ ಹಾಕಿ ಇಡೀ ದಿನ ನಾಟಿ ಮಾಡಿದ ಅಜ್ಜಂದಿರಿಗೆ ಇದು ತಿಳಿದಿತ್ತು. ಕಂಬಳಿ ನೆನೆಯುತ್ತಿತ್ತು, ಒಳಗಿನ ಮನುಷ್ಯ ನಡುಗುತ್ತಿರಲಿಲ್ಲ. ಬರ್ಗೆನ್ನಿನ ಬಟ್ಟೆಯ ಪಾಠ ಅಷ್ಟೇ. ಕಂಬಳಿಯನ್ನು ಹೊರಗಿನಿಂದ ತೆಗೆದು ಚರ್ಮಕ್ಕೆ ತಾಗುವ ಹಾಗೆ ಒಳಗೆ ಹಾಕಿಕೊಳ್ಳಬೇಕು.

ವಿವರವಾಗಿ ಹೇಳುವುದಾದರೆ, ಮೈಗೆ ತಾಗುವ ಮೊದಲ ಪದರ ತೆಳು ಮೆರಿನೋ ಉಣ್ಣೆಯದು, ಉದ್ದ ತೋಳಿನ ಅಂಗಿ ಮತ್ತು ಉದ್ದ ಚಡ್ಡಿ. ವಾರದ ಪ್ರವಾಸಕ್ಕೆ ತಲಾ ಎರಡು ಜೊತೆ ಸಾಕು, ಉಣ್ಣೆ ಬೇಗ ನಾತ ಹಿಡಿಯುವುದಿಲ್ಲ. ಮೆರಿನೋ ದುಬಾರಿ ಎನಿಸಿದರೆ ಪಾಲಿಯೆಸ್ಟರ್ ಥರ್ಮಲ್ ಆದೀತು. ನಮ್ಮಲ್ಲಿ ದಿಲ್ಲಿ ಚಳಿಗೆಂದು ಮಾರುವ ಹತ್ತಿಯ ಥರ್ಮಲ್ ಮಾತ್ರ ಬೇಡವೇ ಬೇಡ. ಕೊಳ್ಳುವ ಮುಂಚೆ ಒಳಗಿನ ಚೀಟಿ ಓದಿ. ಎರಡನೆಯ ಪದರ ಫ್ಲೀಸ್ ಎಂಬ ಮೆತ್ತನೆಯ ಕೃತಕ ಬಟ್ಟೆಯ ಅಥವಾ ಉಣ್ಣೆಯ ಸ್ವೆಟರ್. ಪುಕ್ಕ ತುಂಬಿದ ಉಬ್ಬು ಜಾಕೆಟ್ ಹಿಮಾಲಯದ ಒಣ ಚಳಿಗೆ ಒಳ್ಳೆಯದು, ಇಲ್ಲಿ ನೆನೆದರೆ ಮುದ್ದೆಯಾಗಿ ಕೆಲಸ ನಿಲ್ಲಿಸುತ್ತದೆ. ಮೂರನೆಯದು ನೀರು ತಡೆಯುವ ಹೊರ ಜಾಕೆಟ್. ಹೊಲಿಗೆಗಳ ಒಳಬದಿಗೆ ಟೇಪು ಹಚ್ಚಿರಬೇಕು, ಟೋಪಿಗೆ ಎಳೆದು ಬಿಗಿಯುವ ದಾರವಿರಬೇಕು. ಕಂಕುಳ ಕೆಳಗೆ ಜಿಪ್ ಇದ್ದರೆ ಇನ್ನೂ ಒಳ್ಳೆಯದು, ಏರುವಾಗ ಬೆವರಿನ ಹಬೆ ಹೊರಗೆ ಹೋಗುತ್ತದೆ.

ಎಲ್ಲರೂ ಮರೆಯುವುದು ಮಳೆ ಪ್ಯಾಂಟನ್ನು. ಮೇಲೆ ಎಷ್ಟೇ ಒಳ್ಳೆಯ ಜಾಕೆಟ್ ಇರಲಿ, ಅದರಿಂದ ಇಳಿದ ನೀರೆಲ್ಲ ತೊಡೆಯ ಮೇಲೆ ಬೀಳುತ್ತದೆ, ಅಲ್ಲಿಂದ ಸಾಕ್ಸಿಗೆ, ಸಾಕ್ಸಿನಿಂದ ಬೂಟಿನೊಳಕ್ಕೆ. 'ಬೂಟು ವಾಟರ್‌ಪ್ರೂಫ್ ಅಂದಿದ್ದರು, ನೀರು ಹೋಯಿತು' ಎಂಬ ದೂರಿನಲ್ಲಿ ಅರ್ಧಕ್ಕರ್ಧ ಹೀಗೆ ಮೇಲಿನಿಂದ ಹೋದ ನೀರೇ. ಪ್ಯಾಂಟಿನ ಪಕ್ಕದಲ್ಲಿ ಮೊಣಕಾಲಿನವರೆಗಾದರೂ ಜಿಪ್ ಇರಲಿ, ಬೂಟು ಬಿಚ್ಚದೆ ಹಾಕಿಕೊಳ್ಳಬಹುದು. ರಬ್ಬರಿನ ಹಳೇ ರೇನ್‌ಕೋಟ್ ಹೊರಗಿನ ನೀರು ತಡೆಯುತ್ತದೆ, ಆದರೆ ಒಳಗಿನ ಬೆವರನ್ನೂ ಬಿಡುವುದಿಲ್ಲ. ಗುಡ್ಡ ಹತ್ತಿದವರು ಒಳಗಿನಿಂದಲೇ ತೊಯ್ದುಹೋಗುತ್ತಾರೆ. ತಲೆಯ ಮೇಲಿಂದ ಹೊದೆಯುವ ಪಾಂಚೋ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ಇನ್ನು ಕೊಡೆ. ಬರ್ಗೆನ್ನಿನ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಎರಚುವುದೇ ಹೆಚ್ಚು, ಮಾಡಿನ ಕೆಳಗೆ ನಿಂತವರಿಗೂ ತಗಲುವ ಎರಚಲು. ಬಂದರಿನ ತಿರುವಿನಲ್ಲಿ ಕೊಡೆ ಮಗುಚಿ ಕಡ್ಡಿ ಮುರಿಯುತ್ತದೆ, ಬೆಟ್ಟದ ಏಣಿನಲ್ಲಂತೂ ಕೊಡೆ ಹಿಡಿಯುವುದೇ ಅಪಾಯ. ಮುರಿದ ಕೊಡೆಗಳು ಅಲ್ಲಿ ಕಸದ ಡಬ್ಬಿಯಿಂದ ಇಣುಕುವ ನೋಟ ಸಾಮಾನ್ಯ.

ಉಳಿದದ್ದು ಬೇಗ ಹೇಳುತ್ತೇವೆ. ಕಣಕಾಲು ಮುಚ್ಚುವ, ಅಚ್ಚೊತ್ತಿದಂಥ ಆಳ ಗೆರೆಯ ಅಡಿಯುಳ್ಳ ಬೂಟು, ಇಲ್ಲಿಯೇ ಎರಡು ವಾರ ಹಾಕಿ ಪಳಗಿಸಿದ್ದು. ಉಣ್ಣೆಯ ಸಾಕ್ಸು, ಚೀಲದಲ್ಲಿ ಇನ್ನೊಂದು ಒಣ ಜೊತೆ. ಉಣ್ಣೆ ಟೋಪಿ, ಕೈಗವಸು. ಜುಲೈ ಆದರೂ ಸರಿ. ಬೆನ್ನುಚೀಲದ ಮೇಲೆ ಹಾಕುವ ಮಳೆ ಕವರನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ, ಆದ್ದರಿಂದ ದಪ್ಪ ಕಸದ ಚೀಲವೊಂದನ್ನು ಒಳಗೆ ಹಾಸಿ, ಅದರೊಳಗೆ ಸಾಮಾನು ತುಂಬಿ ಬಾಯಿ ತಿರುಚಿ ಇಡಿ. ಹತ್ತು ರೂಪಾಯಿಯ ಈ ಚೀಲ ಸಾವಿರದ ಕವರಿಗಿಂತ ಮೇಲು. ಥರ್ಮಾಸಿನಲ್ಲಿ ಬಿಸಿ ಸಿಹಿ ಚಹಾ. ಫೋನಿನ ಬ್ಯಾಟರಿ ಥಂಡಿಯಲ್ಲಿ ಬೇಗ ಇಳಿಯುತ್ತದೆ, ಹೊರಜೇಬಿನಲ್ಲಿ ಇಡದೆ ಮೈಗೆ ಹತ್ತಿರ ಇಟ್ಟುಕೊಳ್ಳಿ.

ಯಾರಾದರೂ ನಡುಗಲು ಶುರುಮಾಡಿ, ಎಡವಿ, ಮಾತು ತೊದಲಿದರೆ ಅದು ಸುಸ್ತಲ್ಲ, ಮೈಯ ಬಿಸಿ ಇಳಿದುಹೋಗುತ್ತಿರುವ ಲಕ್ಷಣ. ಗಾಳಿಗೆ ಮರೆ ಹುಡುಕಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ, ಎಚ್ಚರವಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬಾರದು, ಮದ್ಯ ಕೊಡಲೇಬಾರದು. ನಡುಕ ತಾನಾಗಿ ನಿಂತಿತೆಂದರೆ ಸುಧಾರಿಸಿತು ಎಂದಲ್ಲ, ಕೆಟ್ಟಿತು ಎಂದರ್ಥ. ಆಂಬುಲೆನ್ಸ್‌ಗೆ 113, ಪೊಲೀಸರಿಗೆ 112, ಅಗ್ನಿಶಾಮಕಕ್ಕೆ 110. ಬೆಟ್ಟದಲ್ಲಿ ದಾರಿ ತಪ್ಪಿದರೆ 112. 'ಯೆಲ್ಪ್ 113' (Hjelp 113) ಎಂಬ ಅಲ್ಲಿನ ಆ್ಯಪ್ ನೀವಿರುವ ಜಾಗವನ್ನೂ ಕಳಿಸುತ್ತದೆ, ಹೊರಡುವ ಮುಂಚೆಯೇ ಹಾಕಿಕೊಂಡಿರಿ.

ಹವಾಮಾನಕ್ಕೆ ನೋಡಬೇಕಾದ್ದು 'ಯೂರ್' (Yr) ಎಂಬ ತಾಣ. ನಾರ್ವೆಯ ಹವಾಮಾನ ಸಂಸ್ಥೆಯೂ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಸೇರಿ ನಡೆಸುತ್ತವೆ, ಇಂಗ್ಲಿಷಿನಲ್ಲೂ ಇದೆ. ಇಲ್ಲಿ ಆರೆಂಜ್, ರೆಡ್ ಅಲರ್ಟ್ ನೋಡಿ ಪಳಗಿದ ಕಣ್ಣಿಗೆ ಅಲ್ಲಿ '8 ಮಿ.ಮೀ.' ಎಂದು ಕಂಡರೆ ನಗು ಬರುತ್ತದೆ. ನೋಡಬೇಕಾದ್ದು ಅದರ ಪಕ್ಕದ ಅಂಕಿ, ಗಾಳಿಯದು. ಅದು ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕದಲ್ಲಿರುತ್ತದೆ, 3.6ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. 5 ಡಿಗ್ರಿ ಇದ್ದು 10 ಮೀಟರ್ ಗಾಳಿ ಬೀಸಿದರೆ ಮೈಗೆ ಸೊನ್ನೆ ಡಿಗ್ರಿ. ಗಾಳಿ 10 ದಾಟುತ್ತದೆ ಎಂದಿದ್ದರೆ ಬೋಳು ನೆತ್ತಿಯ ದಾರಿ ಬಿಟ್ಟು ಕಾಡಿನೊಳಗಿನ ದಾರಿ ಹಿಡಿಯಿರಿ. ಊರಿನ ಮುನ್ಸೂಚನೆ ನೋಡಿ ಬೆಟ್ಟಕ್ಕೆ ಹೋಗಬಾರದು. ಬೆಟ್ಟದ ಹೆಸರನ್ನೇ ಹಾಕಿ ನೋಡಬಹುದು.

ಈಗ ಬೆಟ್ಟಗಳು. ಬರ್ಗೆನ್ ಏಳು ಬೆಟ್ಟಗಳ ನಡುವಿನ ಊರೆಂದು ಹೆಸರಾಗಿದೆ. ಆ ಏಳು ಯಾವುವು ಎಂಬುದರಲ್ಲಿ ಊರಿನವರಲ್ಲೇ ಒಮ್ಮತವಿಲ್ಲ, ಅದು ಬೇರೆ ಮಾತು. ಎಲ್ಲರೂ ಹೋಗುವುದು ಫ್ಲೋಯೆನ್‌ಗೆ. ಮೀನು ಮಾರುಕಟ್ಟೆಯ ಹತ್ತಿರದಿಂದಲೇ ಹಗ್ಗದಲ್ಲಿ ಎಳೆಯುವ ರೈಲು ಹೊರಡುತ್ತದೆ. 1918ರಿಂದ ಓಡುತ್ತಿದೆ, ಕೆಲವೇ ನಿಮಿಷಗಳಲ್ಲಿ 320 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ದೊಡ್ಡ ಪ್ರವಾಸಿ ಹಡಗು ಬಂದ ದಿನ ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಸಾಲು ಬೀದಿಗೆ ಬರುತ್ತದೆ. ಬೆಳಿಗ್ಗೆ ಬೇಗ ಅಥವಾ ಊಟದ ನಂತರ ಸಂಜೆ ಹೋಗಿ, ಬೇಸಿಗೆಯಲ್ಲಿ ಬೆಳಕಿಗೆ ಬರವಿಲ್ಲ. ನಡೆದೇ ಹತ್ತುವುದಾದರೆ ಸುಮಾರು ಮೂರು ಕಿ.ಮೀ. ಹಾವಿನಂತೆ ಸುತ್ತುವ ಒಳ್ಳೆಯ ರಸ್ತೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಕ್ಕಳು, ಹಿರಿಯರು ಮೇಲಕ್ಕೆ ರೈಲಿನಲ್ಲಿ ಹೋಗಿ ಕೆಳಗೆ ನಡೆದು ಬರುವುದು ಲೇಸು.

ಮೆಟ್ಟಿಲು ಹತ್ತುವ ಹುರುಪಿದ್ದವರಿಗೆ ಎರಡು ದಾರಿ. ಸ್ಟೋಲ್ಟ್ಸೆಕ್ಲೈವೆನ್ ಎಂಬುದು 300 ಮೀಟರಿಗೂ ಹೆಚ್ಚು ನೇರ ಏರು. ಏರಲು ಮಾತ್ರ ಬಳಸಿ. ಇಳಿಯುವವರು ಎದುರು ಬಂದರೆ ಕಿರಿದಾದ ಮೆಟ್ಟಿಲಲ್ಲಿ ಇಬ್ಬರಿಗೂ ತೊಂದರೆ, ಒದ್ದೆ ಕಲ್ಲಿನಲ್ಲಿ ಮೊಣಕಾಲಿಗೂ ಅಪಾಯ. ಇಳಿಯಲು ಫ್ಲೋಯೆನ್ ಕಡೆಯ ದಾರಿ ಇದೆ. ಇನ್ನೊಂದು ಉಲ್ರಿಕೆನ್ ಏರುವ ಓಪ್‌ಸ್ಟೆಮ್ಟೆನ್, 1,333 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ಅದಕ್ಕೆ ಮೂರನೇ ಒಂದು ಪಾಲು ಕೂಡಿಸಿಕೊಳ್ಳಲಿ. ಈ ಕಲ್ಲು ಮೆಟ್ಟಿಲುಗಳನ್ನು ಕೂರಿಸಿದವರು ನೇಪಾಳದಿಂದ ಹೋದ ಶೆರ್ಪಾಗಳು. ಸಿಮೆಂಟಿಲ್ಲದೆ, ಬಂಡೆಗೆ ಬಂಡೆ ಒತ್ತು ಕೊಟ್ಟು ನಿಲ್ಲಿಸಿದ ಕೆಲಸ. ನಮ್ಮ ಪೇಪರಿನಲ್ಲಿ ಬರೆಯಬೇಕಿದ್ದದ್ದು ಮೀನು ಮಾರುಕಟ್ಟೆಯ ಏಡಿಯ ಬೆಲೆಗಿಂತ ಇದರ ಬಗ್ಗೆ. ಉಲ್ರಿಕೆನ್‌ಗೆ ಕೇಬಲ್ ಕಾರ್ ಕೂಡ ಇದೆ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ.

ಒಂದು ಇಡೀ ದಿನ ಕೈಯಲ್ಲಿದ್ದರೆ ಉಲ್ರಿಕೆನ್‌ನಿಂದ ಫ್ಲೋಯೆನ್‌ವರೆಗೆ ವಿಡ್ಡೆನ್ ಎಂಬ ಬೋಳು ಹಾಸಿನ ಮೇಲೆ ನಡೆಯಿರಿ. ಸುಮಾರು 15 ಕಿ.ಮೀ., ಐದರಿಂದ ಆರು ಗಂಟೆ. ದಿಕ್ಕು ಮುಖ್ಯ: ಕೇಬಲ್ ಕಾರಿನಲ್ಲಿ ಉಲ್ರಿಕೆನ್ ಏರಿ ಫ್ಲೋಯೆನ್ ಕಡೆ ಬಂದರೆ ಎತ್ತರದಿಂದ ತಗ್ಗಿಗೆ ನಡೆದಂತಾಗುತ್ತದೆ, ಕೊನೆಯಲ್ಲಿ ಕಾಲು ಸೋತರೆ ಹಗ್ಗದ ರೈಲು ಕಾದಿರುತ್ತದೆ. ದಾರಿ ತೋರಿಸುವುದು ಕಲ್ಲು ಗುಪ್ಪೆಗಳು. ಮಂಜು ಕವಿದಾಗ ಒಂದು ಗುಪ್ಪೆಯ ಬಳಿ ನಿಂತು ಮುಂದಿನದು ಕಾಣದಿದ್ದರೆ ಹೆಜ್ಜೆ ಇಡಬೇಡಿ. ಬಂಡೆಯ ಮೇಲಿನ ಕಪ್ಪು ಹಾವಸೆ ಒದ್ದೆಯಾದರೆ ನಮ್ಮ ಕೆರೆ ಮೆಟ್ಟಿಲಿನ ಪಾಚಿಯ ಹಾಗೆ ಜಾರುತ್ತದೆ. ಒಣಗಿದ ಹುಲ್ಲಿನ ಬಯಲಿನಂತೆ ಕಂಡದ್ದು ಮೊಣಕಾಲುದ್ದ ಜೌಗು ಆಗಿರಬಹುದು. ದಾರಿ ಒದ್ದೆಯಿದ್ದರೂ ದಾರಿಯ ಮೇಲೆಯೇ ನಡೆಯಿರಿ, ಬದಿಯಲ್ಲಿ ಒಣ ಜಾಗ ಹುಡುಕಿ ಹೋದವರೇ ಹೂತುಕೊಳ್ಳುವುದು.

ಊರಿನ ಬೆಟ್ಟ ಬಿಟ್ಟು ದೂರ ಹೋಗುವವರಿಗೆ 1868ರಲ್ಲಿ ಶುರುವಾದ ನಾರ್ವೆ ಚಾರಣ ಸಂಘದ ಗುರುತು ಉಪಯೋಗ: ಬಂಡೆಯ ಮೇಲೆ ಬಳಿದ ಕೆಂಪು 'ಟಿ' ಅಕ್ಷರ. ದಾರಿಯ ಕಷ್ಟವನ್ನು ಬಣ್ಣದಲ್ಲಿ ಹೇಳುತ್ತಾರೆ: ಹಸಿರು, ನೀಲಿ, ಕೆಂಪು, ಕಪ್ಪು, ಕಷ್ಟ ಹೆಚ್ಚುತ್ತಾ ಹೋಗುವ ಕ್ರಮದಲ್ಲಿ. ಆ ಜನ ಮಕ್ಕಳಿಗೂ ಕಲಿಸುವ ಒಂಬತ್ತು ಬೆಟ್ಟದ ನಿಯಮಗಳಿವೆ. ಸಮಯವಿರುವಾಗಲೇ ಹಿಂದಿರುಗಬೇಕು, ಅದರಲ್ಲಿ ನಾಚಿಕೆಯಿಲ್ಲ ಎಂಬುದು ಅವುಗಳಲ್ಲೊಂದು. 'ಅಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಮೇಲೆ ಹೋಗದೆ ಬಿಡುವುದೇ' ಎನ್ನುವ ನಮ್ಮವರಿಗೆ ಒಂಬತ್ತರಲ್ಲಿ ಕಷ್ಟವಾದದ್ದು ಇದೊಂದೇ.

ಟ್ರೋಲ್‌ಟುಂಗಾ ವಿಷಯಕ್ಕೆ ಬರೋಣ. ಸರೋವರದ ಮೇಲೆ ಸುಮಾರು 700 ಮೀಟರ್ ಎತ್ತರದಲ್ಲಿ ನಾಲಗೆಯಂತೆ ಚಾಚಿದ ಬಂಡೆ. ಹರಿಶ್ಚಂದ್ರಗಡದ ಕೋಕಣಕಡಾ ಪ್ರಪಾತ ಕಂಡವರಿಗೆ ಅಂದಾಜು ಸಿಗುತ್ತದೆ. ಅದು ಬರ್ಗೆನ್ನಿನಲ್ಲಿಲ್ಲ. ಬರ್ಗೆನ್ನಿನಿಂದ ಓಡ್ಡಾ ಎಂಬ ಊರಿಗೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಶೆಗ್ಗೆಡಾಲ್‌ಗೆ ಇನ್ನೊಂದು ಬಸ್ಸು. ಅಲ್ಲಿಂದ ನಡಿಗೆ ಹೋಗಿಬರಲು 27-28 ಕಿ.ಮೀ., ಸುಮಾರು 800 ಮೀಟರ್ ಏರು, 10ರಿಂದ 12 ಗಂಟೆ. ಮೇಲಿನ ಪಾರ್ಕಿಂಗ್‌ವರೆಗೆ ವಾಹನ ಸಿಕ್ಕರೆ ನಡಿಗೆ 20 ಕಿ.ಮೀ.ಗೆ ಇಳಿಯುತ್ತದೆ, ಆದರೆ ಅಲ್ಲಿ ಕೆಲವೇ ಕಾರುಗಳಿಗೆ ಜಾಗ, ಮುಂಗಡ ಕಾದಿರಿಸಬೇಕು. ಲೆಕ್ಕ ಹಾಕಿ ನೋಡಿ, ಒಂದು ದಿನದಲ್ಲಿ ಹೇಗೆ ಮುಗಿಯುತ್ತದೆ? ಹಿಂದಿನ ರಾತ್ರಿ ಓಡ್ಡಾದಲ್ಲಿ ತಂಗಬೇಕು, ನಸುಕಿನಲ್ಲಿ ಹೊರಡಬೇಕು, ಆ ರಾತ್ರಿಯೂ ಅಲ್ಲೇ ಉಳಿಯಬೇಕು. ಮಾರ್ಗದರ್ಶಿಯಿಲ್ಲದೆ ಹೋಗುವ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೂನ್ ಮೊದಲ ವಾರಗಳಲ್ಲಿ ಮೇಲೆ ಹಿಮ ಉಳಿದಿರುತ್ತದೆ. ಬಂಡೆಯ ತುದಿಯಲ್ಲಿ ಫೋಟೋಕ್ಕೆ ಸಾಲು ನಿಲ್ಲಬೇಕು, ಮೈ ಆರಿ ಥಂಡಿ ಹಿಡಿಯುವುದು ಆ ನಿಂತ ಹೊತ್ತಿನಲ್ಲೇ. ಸಾಲಿಗೆ ಸೇರುವ ಮುಂಚೆ ಸ್ವೆಟರ್ ಹಾಕಿಕೊಳ್ಳಿ. ಪುರವಣಿಯಲ್ಲಿ ಇದರ ಜೊತೆಗೇ ಹೆಸರಿಸಿದ ಪ್ರೈಕೆಸ್ಟೋಲೆನ್ ಬಂಡೆ ಇನ್ನೊಂದು ನಗರ ಸ್ಟಾವಾಂಗರ್‌ಗೆ ಹತ್ತಿರ. 604 ಮೀಟರ್ ಎತ್ತರ, ಹೋಗಿಬರಲು 8 ಕಿ.ಮೀ., ನಾಲ್ಕು ಗಂಟೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಇದೇ ಸರಿ. ಆದರೆ ಬರ್ಗೆನ್ನಿನಿಂದ ಸ್ಟಾವಾಂಗರ್‌ಗೆ ಬಸ್ಸು ಮತ್ತು ಫೆರಿ ಸೇರಿ ಐದು ಗಂಟೆ.

ನಡೆಯಲಾಗದವರಿಗೆ ರೈಲಿದೆ, ಅದರಲ್ಲಿ ಕಡಿಮೆ ಸಾಹಸವೇನಿಲ್ಲ. ಬರ್ಗೆನ್ನಿನಿಂದ ವೋಸ್‌ಗೆ ರೈಲು, ಅಲ್ಲಿಂದ ಗುಡ್‌ವಾಂಗೆನ್‌ಗೆ ಬಸ್ಸು, ನೇರಾಯ್ ಫಿಯೋರ್ಡಿನಲ್ಲಿ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲು) ಎರಡು ಗಂಟೆ ದೋಣಿ, ಫ್ಲೋಮ್‌ನಿಂದ ಮಿರ್ಡಾಲ್‌ಗೆ ಬೆಟ್ಟದ ರೈಲು, ಮತ್ತೆ ಬರ್ಗೆನ್. ಇಡೀ ದಿನದ ಸುತ್ತು. ನೇರಾಯ್ ಫಿಯೋರ್ಡ್ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅತಿ ಕಿರಿದಾದ ಕಡೆ 250 ಮೀಟರ್ ಅಗಲ. ಫ್ಲೋಮ್ ರೈಲಿನ ಬಗ್ಗೆ ಮುಂಬಯಿಯವರಿಗೆ ಹೇಳುವುದು ಸುಲಭ. ಖಂಡಾಲಾ ಘಾಟಿಯ ಏರು 37ಕ್ಕೆ 1, ಅಷ್ಟಕ್ಕೇ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಎಂಜಿನ್ ಜೋಡಿಸುತ್ತಾರೆ. ಮಾಥೇರಾನ್‌ನ ಪುಟ್ಟ ಗಾಡಿಯದು 20ಕ್ಕೆ 1. ಫ್ಲೋಮ್‌ನದು 18ಕ್ಕೆ 1, ಅದೂ ಸಾಮಾನ್ಯ ಅಗಲದ ಹಳಿಯ ಮೇಲೆ, ಹಲ್ಲಿನ ಚಕ್ರವಿಲ್ಲದೆ: 20 ಕಿ.ಮೀ.ಯಲ್ಲಿ ಕಡಲ ಮಟ್ಟದಿಂದ 866 ಮೀಟರ್, 20 ಸುರಂಗ. ಈ ಸುತ್ತನ್ನು ಒಂದೇ ಹೆಸರಿನ ಪ್ಯಾಕೇಜಾಗಿ ಮಾರುತ್ತಾರೆ. ಅದರಲ್ಲಿ ಮಾರ್ಗದರ್ಶಿ ಇರುವುದಿಲ್ಲ. ಸಾರ್ವಜನಿಕ ರೈಲು, ಬಸ್ಸು, ದೋಣಿಯ ಟಿಕೆಟ್ಟುಗಳ ಕಟ್ಟು ಅಷ್ಟೇ. ಬಿಡಿಬಿಡಿಯಾಗಿ ಮುಂಚೆಯೇ ಕೊಂಡರೆ ಹಲವು ಸಲ ಅಗ್ಗ, ಆದರೆ ಒಂದು ಕೊಂಡಿ ತಪ್ಪಿದರೆ ಹೊಣೆ ನಿಮ್ಮದೇ.

ನಡುರಾತ್ರಿಯ ಸೂರ್ಯ ಕಾಣುವುದು 66.5 ಡಿಗ್ರಿ ಅಕ್ಷಾಂಶದಿಂದ ಉತ್ತರಕ್ಕೆ. ಬರ್ಗೆನ್ ಇರುವುದು 60.4ರಲ್ಲಿ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ಸೂರ್ಯ ಮುಳುಗಿ ನಾಲ್ಕು ದಾಟಿದ ಮೇಲೆ ಏಳುತ್ತಾನೆ, ನಡುವೆ ಪೂರ್ತಿ ಕತ್ತಲಾಗುವುದಿಲ್ಲ. ಮುಳುಗದ ಸೂರ್ಯ ಬೇಕಾದವರು ಟ್ರೊಮ್ಸೋಗೆ ಹೋಗಬೇಕು, ಮೇ 20ರಿಂದ ಜುಲೈ 22ರ ಒಳಗೆ. ಅದೇ ಕಾಲದಲ್ಲಿ ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ 'ಉತ್ತರದ ಬೆಳಕೂ' ಕಾಣುತ್ತದೆ ಎಂದು ಮಾರುವ ಟೂರ್ ಏಜೆಂಟರಿದ್ದಾರೆ; ಬೆಳಗಿರುವ ಆಕಾಶದಲ್ಲಿ ಅದು ಕಾಣುವುದು ಹೇಗೆ? ಬೆಳಕಿನ ಇನ್ನೊಂದು ಮೋಸ: 'ಇನ್ನೂ ಹಗಲಿದೆ' ಎಂದು ಸಂಜೆ ಆರಕ್ಕೆ ಹಳ್ಳಿಯ ಬೆಟ್ಟ ಹತ್ತಲು ಹೊರಡುವವರು ಇಳಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಕಯಾಕ್ ಹುಟ್ಟು ಹಾಕುವ ಆಸೆಯವರಿಗೆ ಒಂದು ಮಾತು. ಗೋವಾದ ಹಿನ್ನೀರಿನಲ್ಲಿ ಮಗುಚಿದರೆ ಈಜಿ ನಗುತ್ತಾ ಬರಬಹುದು. ಫಿಯೋರ್ಡಿನ ನೀರು ತಣ್ಣನೆಯ ಕಡಲಿನದು, ಅದಕ್ಕೆ ಹಿಮ ಕರಗಿದ ನೀರೂ ಸೇರುತ್ತದೆ. ಬಿದ್ದೊಡನೆ ಉಸಿರು ತಾನಾಗಿ ಏದುತ್ತದೆ, ಆಗ ತಲೆ ಮುಳುಗಿದ್ದರೆ ನೀರು ಒಳಗೆ ಹೋಗುತ್ತದೆ. ಅತಿ ತಣ್ಣೀರಿಗೆ ಹೇಳುವ ಲೆಕ್ಕವಿದು: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಎಚ್ಚರ ತಪ್ಪಲು 1 ಗಂಟೆ. ಜೀವರಕ್ಷಕ ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಳ್ಳುವುದಲ್ಲ, ತೊಟ್ಟುಕೊಳ್ಳುವುದು. ಮಾರ್ಗದರ್ಶಿಯ ಜೊತೆಗೇ ಹೋಗಿ, ನೀರು ಒಳಹೋಗದ ಸೂಟು ಕೇಳಿ ಪಡೆಯಿರಿ.

ಊರೊಳಗಿನದ್ದು ಅಷ್ಟು ಕಷ್ಟವಿಲ್ಲ. ವಿಮಾನ ನಿಲ್ದಾಣದಿಂದ ಟ್ರಾಮು ಸುಮಾರು 45 ನಿಮಿಷದಲ್ಲಿ ಊರ ನಡುವಿಗೆ ಒಯ್ಯುತ್ತದೆ, ಊರೊಳಗಿನ ಸಾಮಾನ್ಯ ಟಿಕೆಟ್ ಸಾಕು. ವಿಮಾನದ ವಿಶೇಷ ಬಸ್ಸು ತುಸು ಬೇಗ, ಬೆಲೆ ಹೆಚ್ಚು. ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ, ತಪಾಸಕರು ಇದ್ದಾರೆ. ಹತ್ತುವ ಮುಂಚೆಯೇ ಟಿಕೆಟ್ ಕೊಳ್ಳಿ. ಹಲವು ದೇಶಗಳಿಗೆ ಒಂದೇ ವೀಸಾ ಇರುವ ಷೆಂಗೆನ್ ಕೂಟದಲ್ಲಿ ನಾರ್ವೆ ಇದೆ, ಯೂರೋಪಿಯನ್ ಒಕ್ಕೂಟದಲ್ಲಿಲ್ಲ. ಹಣ ಕ್ರೋನ, ಯೂರೋ ಅಲ್ಲ. ನೋಟು ಹೆಚ್ಚು ಬೇಡ, ಎಲ್ಲೆಡೆ ಕಾರ್ಡು. ಆದರೆ ನಮ್ಮ ಕಾರ್ಡುಗಳಲ್ಲಿ ವಿದೇಶ ಬಳಕೆ ಮೊದಲಿನಿಂದಲೇ ಮುಚ್ಚಿರುತ್ತದೆ, ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ವೀಸಾ ಅರ್ಜಿ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡಮಾಡುವಂತಿಲ್ಲ. ಬೇಸಿಗೆಯ ನೂಕುನುಗ್ಗಲಿಗೆ ಎರಡು ತಿಂಗಳಾದರೂ ಇರಲಿ. 30,000 ಯೂರೋ ವಿಮೆ ಕಡ್ಡಾಯ. ಆ ಪಾಲಿಸಿಯಲ್ಲಿ ಚಾರಣ ಸೇರಿದೆಯೇ ಎಂದು ಸಣ್ಣ ಅಕ್ಷರ ಓದಿ, ಹಲವು ಪಾಲಿಸಿಗಳು ಸಾಹಸ ಚಟುವಟಿಕೆಯನ್ನು ಹೊರಗಿಡುತ್ತವೆ.

ತಿಂಡಿ ಕಟ್ಟಿಕೊಂಡು ಹೋಗುವವರಿಗೆ: ಯೂರೋಪಿನ ಆರ್ಥಿಕ ವಲಯದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಧಾರವಾಡ ಪೇಡೆ, ತುಪ್ಪದ ಡಬ್ಬಿ, ಕೋಳಿ ಸುಕ್ಕಾ ಮನೆಯಲ್ಲೇ ಉಳಿಯಲಿ. ಚಟ್ನಿಪುಡಿ, ಗುರೆಳ್ಳು ಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಚಕ್ಕುಲಿಗೆ ತಡೆಯಿಲ್ಲ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಂಡು ದುಡ್ಡು ಕಳೆಯಬೇಡಿ. ಭಾನುವಾರ ದೊಡ್ಡ ಕಿರಾಣಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ.

ಬಂದರಿನ ದಂಡೆಯ ಬ್ರಿಗ್ಗೆನ್ ಮರದ ಮನೆಗಳನ್ನು ಪುರವಣಿ ಬಣ್ಣದ ಚಿತ್ರಕ್ಕಷ್ಟೇ ಬಳಸಿತು. ಹಾನ್ಸಾ ಎಂಬ ವ್ಯಾಪಾರಿ ಕೂಟದ ಜರ್ಮನ್ ವರ್ತಕರು 14ನೇ ಶತಮಾನದಿಂದ ಅಲ್ಲಿ ಕೋಠಿ ಹಾಕಿ ಮಾಡಿದ್ದು ಒಣಮೀನಿನ ವ್ಯಾಪಾರ. ಉತ್ತರದ ಕಾಡ್ ಮೀನನ್ನು ಉಪ್ಪೇ ಹಾಕದೆ ತಣ್ಣನೆಯ ಗಾಳಿಗೆ ನೇತುಹಾಕಿ ಒಣಗಿಸುತ್ತಿದ್ದರು. ಮಲ್ಪೆಯ ಬಿಸಿಲಿನಲ್ಲಿ ಅದು ಸಾಧ್ಯವಿಲ್ಲ, ಅದಕ್ಕೇ ನಮ್ಮದು ಉಪ್ಪುಮೀನು. ಬೆಂಕಿಯ ಭಯಕ್ಕೆ ಆ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ, ಅಡುಗೆಗೂ ಬೆಚ್ಚಗೆ ಕೂರುವುದಕ್ಕೂ ಹಿಂದೆ ಬೇರೆಯೇ ಕಟ್ಟಡ. ಆದರೂ 1702ರಲ್ಲಿ ಸುಟ್ಟುಹೋಯಿತು, ಈಗಿರುವುದು ಆಮೇಲೆ ಹಳೇ ಪಾಯದ ಮೇಲೆಯೇ ಎಬ್ಬಿಸಿದ್ದು. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಓಣಿಯೊಳಗೆ ನುಗ್ಗಿ ಮರದ ಹಲಗೆಗಳ ಮೇಲೆ ನಡೆಯಲು ಟಿಕೆಟ್ ಬೇಡ. ಒದ್ದೆ ಹಲಗೆ ಜಾರುತ್ತದೆ, ನಿಧಾನ.

ಬರ್ಗೆನ್ನಿನಿಂದ ಉತ್ತರದ ಕಿರ್ಕೆನೆಸ್‌ವರೆಗೆ 34 ಬಂದರು ಮುಟ್ಟುವ ಕರಾವಳಿ ಹಡಗು ಇಂದಿಗೂ ಓಡುತ್ತದೆ. ಈ ಸೇವೆ ಶುರುವಾದದ್ದು 1893ರಲ್ಲಿ. ಪೂರ್ತಿ ಪ್ರಯಾಣ ದುಬಾರಿ, ಆದರೆ ಬಸ್ಸಿನಂತೆ ಒಂದೆರಡು ಬಂದರಿಗೂ ಟಿಕೆಟ್ ಕೊಡುತ್ತಾರೆ. 1904ರ ಬೆಂಕಿಯ ನಂತರ ಹೊಸದಾಗಿ ಕಟ್ಟಿದ ಓಲೆಸುಂಡ್‌ವರೆಗೆ ಹೋಗಿ, ಅಲ್ಲಿನ ಗುಡ್ಡದ 418 ಮೆಟ್ಟಿಲು ಹತ್ತಿ ಬರಬಹುದು. ಮಂಗಳೂರು ಕಡೆಯಿಂದ ಹಡಗು ಹತ್ತಿ ನಮ್ಮ ಮುಂಬಯಿಗೆ ಬಂದಿಳಿದ ಹಿರಿಯರ ಮನೆಗಳಲ್ಲಿ ಅಂಥ ಪ್ರಯಾಣದ ಸುಖದುಃಖ ಹೇಳುವವರು ಇನ್ನೂ ಇದ್ದಾರು.

ಪುರವಣಿಯ ಬರಹ ನಿಮ್ಮ ಜಾಲತಾಣದಲ್ಲಿ ಹಾಗೇ ಇದೆ, ರಜೆಯ ಹೊತ್ತಿಗೆ ಮತ್ತೆ ಹಂಚಿಕೆಯಾಗುತ್ತದೆ. ಬೇರೇನೂ ಮಾಡಲಾಗದಿದ್ದರೂ ಪೆಟ್ಟಿಗೆಯಲ್ಲಿ 'ಕೊಡೆ' ಎಂದಿರುವಲ್ಲಿ 'ಮಳೆ ಪ್ಯಾಂಟು' ಎಂದೂ, ಟ್ರೋಲ್‌ಟುಂಗಾಕ್ಕೆ 'ಒಂದು ದಿನ' ಎಂದಿರುವಲ್ಲಿ 'ಎರಡು ರಾತ್ರಿ' ಎಂದೂ ತಿದ್ದಿಸಿ.

ಇಂತಿ,
ಕೆಲವು ಚಾರಣಿಗರು
ಡೊಂಬಿವಲಿ – ಮಾಟುಂಗಾ, ಮುಂಬಯಿ